ಬಂದೂಕಿನ ಲೈಸೆನ್ಸಿಗೆ ಮನೆತನದ ವಿಚಾರಣೆ

ಬಂದೂಕಿನ ಲೈಸೆನ್ಸ್ ಕೇಳುವ ಹೆಂಗಸಿಗೆ ಕಚೇರಿಗಳಲ್ಲಿ ಮೊದಲು ಸಿಗುವುದು ನಗು. ನನಗೂ ಸಿಕ್ಕಿತು, ಒಂದಲ್ಲ ಹತ್ತು ಸಲ. ಕಾಡುಹಂದಿಗಳು ನನ್ನ ಭತ್ತ ತುಳಿಯುತ್ತಿದ್ದವು. ಸದ್ದು ಮಾಡಿ ಓಡಿಸಲು ಬಂದೂಕು ಬೇಕಿತ್ತು. ಕಾನೂನು ದಿಲ್ಲಿಯದು, ವಿಚಾರಣೆ ರಾಜ್ಯದ ಪೊಲೀಸರದು, ನಡುವೆ ಸವೆಯುವ ಚಪ್ಪಲಿ ನನ್ನದು. ಆದರೆ ಬಿಡುವವಳು ನಾನಲ್ಲ.

ಎರಡು ಠಾಣೆ

ಮನೆ ಸಿಂಧನೂರಿನಲ್ಲಿ, ಹೊಲ ಮಸ್ಕಿ ತಾಲ್ಲೂಕಿನಲ್ಲಿ, ಹಳೆಯ ಪಹಣಿಯಲ್ಲಿ ಅದೇ ಹೊಲ ಲಿಂಗಸುಗೂರು ತಾಲ್ಲೂಕು. ಲೈಸೆನ್ಸ್ ಕಚೇರಿಯ ಗುಮಾಸ್ತ ತಲೆ ಕೆರೆದುಕೊಂಡ.

"ವಿಚಾರಣೆ ಯಾವ ಠಾಣೆಗೆ ಕಳಸ್ಲಿ ಅಮ್ಮಾ?"

"ದಿಲ್ಲಿ ನಿಯಮದಾಗ ಏನೈತಿ?"

"ಅದನ್ನ ಯಾರ್ ಓದ್ಯಾರ?"

"ನಾ ಓದೀನ್ರಿ," ಎಂದು ಚೀಲದಿಂದ ನಿಯಮದ ಪುಸ್ತಕ ತೆಗೆದೆ. ಅಂಗಡಿ ಬೋರ್ಡು ನೋಡಿ ಅಕ್ಷರ ಕಲಿತವಳು ನಾನು, ಓದಿದ್ದನ್ನು ಮರೆಯುವುದಿಲ್ಲ.

ನಾನು ಪುಟ ತಿರುವುವ ಮೊದಲೇ ಅವನು ಸಿಂಧನೂರು, ಮಸ್ಕಿ ಎರಡೂ ಠಾಣೆಗೆ ಬರೆದ. "ಸಿಂಧನೂರಿನವ್ರು ನಿಮ್ಮ ನಡತಿ ನೋಡ್ತಾರ, ಮಸ್ಕಿಯವ್ರು ಹಂದಿ ನಡತಿ ನೋಡ್ತಾರ."

ತಲೆಯ ಕಾಗದ

ತಲೆ ಸರಿಯಿದೆ ಎಂದು ಡಾಕ್ಟರ ಕಾಗದವೂ ಬೇಕು.

"ಸಿಟ್ಟು ಬರ್ತದೇನ್ರಿ?" ಎಂದರು ಡಾಕ್ಟರು.

"ನಾಕನೇ ಸಲ ಬಂದೀನ್ರಿ. ಮೂರು ಸಲ ನೀವಿದ್ದಿಲ್ಲ. ಆದ್ರೂ ಕೂಗಾಡಿಲ್ಲ ನೋಡ್ರಿ."

ತಕ್ಷಣ ಮೊಹರು ಬಿತ್ತು. ಈಗ ನಮ್ಮ ಓಣಿಯಲ್ಲಿ ತಲೆ ಸರಿಯಿದೆ ಎಂಬ ಕಾಗದ ಇರುವುದು ನನ್ನೊಬ್ಬಳಿಗೇ.

ನಡತೆ

ಮಫ್ತಿಯಲ್ಲಿ ಬಂದ ಪೊಲೀಸಪ್ಪ ಪಕ್ಕದ ಮನೆಯ ಅಜ್ಜಿಯನ್ನು ಕೇಳಿದ: "ಈ ಮನಿಯವ್ರು ಹೆಂಗರೀ?"

ನಮ್ಮ ಕಡೆ ಹೆಣ್ಣು ಕೊಡುವವರು ಹೀಗೇ ಗುಟ್ಟಾಗಿ ಕೇಳುವುದು. ನನಗೆ ಲಗ್ನಕ್ಕೆ ಬಂದ ಮಗನಿದ್ದಾನೆ. ಅಜ್ಜಿ ಉಪಕಾರಕ್ಕೆ ನಿಂತಳು. "ಅತ್ತಿ ಆಗಾಕಿ ಆಕಳಂಥಾಕಿರೀ! ಪಟಾಕಿ ಸದ್ದಿಗೇ ಗಡಗಡ ನಡುಗ್ತಾಳ!"

ವರದಿ ಹಾಗೇ ಹೋಯಿತು: ಅರ್ಜಿದಾರರು ಪಟಾಕಿಗೇ ನಡುಗುತ್ತಾರೆ, ಬಂದೂಕು ಕೊಡುವುದು ಬೇಡ.

ಗುಮಾಸ್ತನಿಂದ ಅದು ತಿಳಿದದ್ದೇ ಅಜ್ಜಿಯ ಕೈ ಹಿಡಿದು ಠಾಣೆಗೆ ನಡೆದೆ. "ನಿಜ ಹೇಳು ಬೇ!"

"ತಪ್ಪಾತ್ರೀ ಸಾಹೇಬ್ರ! ಬೀಗರು ಅಂತ ತಿಳ್ದು ಸುಳ್ಳು ಹೇಳೀನಿ. ಈಕಿ ನಮ್ಮನ್ಯಾಗ ಹೊಕ್ಕಿದ್ದ ಹಾವು ಹಿಡಿದು ಬಯಲಿಗೆ ಬಿಟ್ಟು ಬಂದಾಳ. ಕೊಲ್ಲಲೂ ಇಲ್ಲ, ಅಂಜಲೂ ಇಲ್ಲ."

ಸಾಹೇಬರು ನಕ್ಕು, ವರದಿ ತಿದ್ದಿ ಬರೆಯಲು ಹೇಳಿದರು. ಬರೆದು ಮುಗಿಸಿದ ಪೊಲೀಸಪ್ಪ ಬಾಗಿಲವರೆಗೆ ಹಿಂದೆ ಬಂದ.

"ಅಕ್ಕಾರ, ಹುಡುಗನ ಲಗ್ನ ಎಲ್ಲೂ ಗೊತ್ತಾಗಿಲ್ಲಲ್ರೀ? ನಮ್ಮ ತಮ್ಮಗ ಒಬ್ಬಾಕಿ ಮಗಳದಾಳ."

ಲೈಸೆನ್ಸ್ ಬಂತು. ಆದರೆ ಅದಕ್ಕಿಂತ ಮೊದಲು ಸೊಸೆ ಬಂದಳು. ಬೀಗರು ನಮ್ಮ ಬಗ್ಗೆ ಒಂದು ಮಾತೂ ವಿಚಾರಿಸಲಿಲ್ಲ. ಸರ್ಕಾರವೇ ವಿಚಾರಿಸಿ, ಮೊಹರು ಒತ್ತಿ ಕೊಟ್ಟಿತ್ತಲ್ಲ!