ಬೆಣ್ಣೆಯಂಥ ಟ್ರಿಗರ್ರು

ಡೆಲ್ಮರನಿಗೆ ಗುರಿ ತಪ್ಪುವುದು ಹೊಸದೇನಲ್ಲ. ಆದರೆ ತಪ್ಪು ತನ್ನದಲ್ಲ, ಟ್ರಿಗರಿನದು ಅಂತ ಹೊಳೆದದ್ದು ಮಾತ್ರ ಆ ಶನಿವಾರ ಬೆಳಿಗ್ಗೆ, ಒಲೆಯ ಮೇಲೆ ಕಾಳು ಬೇಯಲು ಇಟ್ಟು ಕೈ ಖಾಲಿಯಿದ್ದಾಗ.

ಕಾಳಿನ ಕತೆ ಮೊದಲು ಹೇಳಿಬಿಡುತ್ತೇನೆ. ಕೆಂಟಕಿಯ ನಮ್ಮ ಸೋರ್‌ವುಡ್ ಕಣಿವೆಯ ಪಿಸ್ತೂಲು ಕ್ಲಬ್ಬಿನಲ್ಲಿ ವರ್ಷಕ್ಕೊಂದು ಪಂದ್ಯ. ಗೆದ್ದವನಿಗೆ ಚಪ್ಪಾಳೆ, ಕೊನೆಗೆ ಬಂದವನಿಗೆ ಸೌಟು. ಅಂದರೆ ಅವತ್ತೇ ಏಪ್ರನ್ ಕಟ್ಟಿಕೊಂಡು ಎಲ್ಲರಿಗೂ ಬಡಿಸಬೇಕು, ಮುಂದಿನ ವರ್ಷ ಊರಿಗೆಲ್ಲ ಹಂದಿಮೂಳೆ ಹಾಕಿದ ಕಾಳು ಅವನೇ ಬೇಯಿಸಬೇಕು. ಆ ಸೌಟು ಎಷ್ಟೋ ವರ್ಷದಿಂದ ಡೆಲ್ಮರನ ಅಡುಗೆಮನೆಯಲ್ಲೇ ಮನೆಯಳಿಯನ ಹಾಗೆ ತಳವೂರಿತ್ತು. ಊರಿನ ಮಕ್ಕಳು ಅವನನ್ನು ಕಾಳು ಮಾಮ ಅಂತಲೇ ಕರೆಯುತ್ತಿದ್ದವು. ಪಂದ್ಯಕ್ಕೆ ಇರೋದು ಎರಡೇ ನಿಯಮ: ಸ್ವಂತ ಪಿಸ್ತೂಲಿನಲ್ಲೇ ಹೊಡೆಯಬೇಕು; ಹೊಡೆದವನು ತನ್ನ ತಪ್ಪು ತಾನೇ ಒಪ್ಪಿಕೊಂಡರೆ ಅದೇ ಕೊನೇ ಮಾತು, ಅದರ ಮೇಲೆ ಅಪೀಲಿಲ್ಲ.

"ಈ ವರ್ಷ ಸೌಟು ಮನೆ ಬಿಟ್ಟು ಹೋಗ್ಲೇಬೇಕು" ಅಂದುಕೊಂಡು ಡೆಲ್ಮರ್ ಪಿಸ್ತೂಲಿನಲ್ಲಿ ಗುಂಡಿಲ್ಲವೆಂದು ಎರಡೆರಡು ಸಲ ನೋಡಿ, ಅದನ್ನು ಮೇಜಿನ ಮೇಲೆ ಬಿಚ್ಚಿದ. ಟ್ರಿಗರು ತಡೆಯಿಲ್ಲದೆ ಜಾರಲೆಂದು, ಒಳಗೆ ಒಂದಕ್ಕೊಂದು ತಿಕ್ಕಾಡುವ ಪುಟ್ಟ ಲೋಹದ ತುಂಡುಗಳಿಗೆ ಕಾರಿನ ಬಂಪರಿಗೆ ಹಚ್ಚುವ ಪೇಸ್ಟು ಹಚ್ಚಿ, ಕಿವಿಗೆ ಹಾಕುವ ಹತ್ತಿಕಡ್ಡಿಯಿಂದ ಉಜ್ಜತೊಡಗಿದ.

ಕಾಳಿನ ವಾಸನೆ ಹಿಡಿದು ಪಕ್ಕದ ಮನೆಯ ಹೋಬರ್ಟ್ ಬಂದ. ನಿವೃತ್ತ ಹಲ್ಲಿನ ಡಾಕ್ಟರು.

"ಥೂ, ಬಂಪರ್ ಪೇಸ್ಟಾ? ಇಟ್ಟಿಗೆ ಪುಡೀಲಿ ಹಲ್ಲುಜ್ಜಿದ ಹಾಗಾಯ್ತು. ತಡಿ ಬಂದೆ."

ಹೋದವನು ತನ್ನ ಹಳೇ ಪಾಲಿಶ್ ಚಕ್ರವನ್ನೂ ಹಲ್ಲಿಗೆ ಹಚ್ಚುವ ಪೇಸ್ಟನ್ನೂ ತಂದು, ಆ ತುಂಡುಗಳಿಗೆ ನಗುಮುಖ ಬರುವ ತನಕ ಗಿರ್ರೆಂದು ತಿರುಗಿಸಿದ. ಆ ಸದ್ದಿಗೆ ಎದುರುಮನೆಯ ಕ್ಷೌರಿಕ ಲಂಡಿ ಬಂದ.

"ಡಾಕ್ಟ್ರೇ, ಚಕ್ರದಿಂದ ಹೊಳಪು ಬರುತ್ತೆ, ನಯ ಬರಲ್ಲ. ನಯ ಬರೋದು ಚರ್ಮದಿಂದ."

"ನೀನು ಗಡ್ಡ ಹೆರೆಯೋನು, ನಿಂಗೇನೋ ಗೊತ್ತು?"

"ನನ್ನ ಕೈಗೆ ಬಂದೋರು ನಿದ್ದೆ ಹೋಗ್ತಾರೆ. ನಿಮ್ಮ ಕೈಗೆ ಬಂದೋರು ಕಿರುಚ್ತಾರೆ. ಅಷ್ಟು ಗೊತ್ತು."

ಲಂಡಿ ಕತ್ತಿ ಮಸೆಯುವ ಚರ್ಮದ ಪಟ್ಟಿ ತಂದು ಎಲ್ಲವನ್ನೂ ಮತ್ತೆ ಉಜ್ಜಿದ. ಪಿಸ್ತೂಲು ಯಾರದು ಅನ್ನೋದೇ ಇಬ್ಬರಿಗೂ ಮರೆತುಹೋಗಿತ್ತು. ಡೆಲ್ಮರ್ ಪಾಪ, ಇಬ್ಬರಿಗೂ ಕಾಫಿ ಕೊಟ್ಟು, "ಇನ್ನು ಜೋಡಿಸೋದು ನನಗೇ ಬಿಡ್ರಪ್ಪಾ" ಅಂತ ಸಾಗಹಾಕಿದ.

ಜೋಡಿಸುವಾಗಲೇ ಗ್ರಹಚಾರ ಕೆಟ್ಟದ್ದು. ಟಿಂಗ್ ಅಂತ ಸದ್ದಾಯಿತು. ಟ್ರಿಗರಿನ ಸ್ಪ್ರಿಂಗು ಹಾರಿ ಒಲೆಯ ಕಡೆ ಹೋಯಿತು. ಒಲೆಯ ಮೇಲಿನ ಪಾತ್ರೆಗೆ ಮುಚ್ಚಳ ಇರಲಿಲ್ಲ.

ಸೌಟು ಹಾಕಿ ತಿರುವಿದ, ಜರಡಿ ಹಿಡಿದು ಸೋಸಿದ, ಮೂಳೆ ಎತ್ತಿ ಕೊಡವಿದ. ಏನೂ ಸಿಗಲಿಲ್ಲ. ಬೇರೆ ಕಾಳು ಬೇಯಿಸಲು ಹೊತ್ತಿಲ್ಲ. "ತಳದಲ್ಲಿ ಕೂತಿರುತ್ತೆ, ಮೇಲಿಂದ ಬಡಿಸಿದ್ರಾಯ್ತು" ಅಂತ ತನಗೆ ತಾನೇ ಸಮಾಧಾನ ಹೇಳಿಕೊಂಡು, ಬಿಡಿಭಾಗಗಳನ್ನು ಬಿಸ್ಕತ್ತಿನ ಡಬ್ಬಿಗೆ ತುಂಬಿ ಸ್ನಾನಕ್ಕೆ ಹೋದ.

ಬಂದು ನೋಡಿದರೆ ಮೇಜು ಒರೆಸಿಟ್ಟಿದೆ, ಡಬ್ಬಿ ಇಲ್ಲ. ಹೆಂಡತಿ ಅರ್ವೆಟ್ಟ ಬಂದು ಹೋಗಿದ್ದಾಳೆ, ತಂಗಿಯ ಮನೆಗೆ ಜೋಳದ ರೊಟ್ಟಿ ಸುಡಲು. ಸದ್ಯ ಬೈಸಿಕೊಳ್ಳಲಿಲ್ಲ ಅಂತ ಡೆಲ್ಮರನಿಗೆ ಖುಷಿಯೇ ಆಯಿತು. ಮದುವೆಯ ಇಪ್ಪತ್ತೈದನೇ ವರ್ಷಕ್ಕೆ ಗಂಡ ಹೆಂಡಿರು ಒಂದೇ ಥರದ ಜೋಡಿ ಪಿಸ್ತೂಲು ಕೊಂಡಿದ್ದರು. ಮಲಗುವ ಕೋಣೆಯ ಡ್ರಾಯರು ಎಳೆದ. ಅವಳದು ಅಲ್ಲೇ ಇತ್ತು. ಯಾರಿಗೆ ಗೊತ್ತಾಗುತ್ತೆ ಅಂದುಕೊಂಡು ಜೇಬಿಗಿಳಿಸಿದ.

ಪಂದ್ಯದಲ್ಲಿ ಪವಾಡವೇ ಆಯಿತು. ಕಬ್ಬಿಣದ ತಟ್ಟೆಗಳು ಟಣ್ ಟಣ್ ಅಂತ ಒಂದರ ಹಿಂದೊಂದು ಮಗುಚಿದವು. ಕ್ಲಬ್ಬಿನ ಅಧ್ಯಕ್ಷ ಕೊಯ್ ಹೊಸ ಕನ್ನಡಕ ಹಾಕಿಕೊಂಡು ಬಂದು ಕೊನೆಯವನಾದ; ಡೆಲ್ಮರ್ ಅವನಿಗಿಂತ ಒಂದೇ ತಟ್ಟೆ ಮುಂದೆ. ಡೆಲ್ಮರನ ಖಾಲಿ ಪಿಸ್ತೂಲು ಕೈಯಿಂದ ಕೈಗೆ ಹೋಯಿತು.

"ಆಹಾ, ಬೆಣ್ಣೆ ಕಣಯ್ಯಾ. ಹಲ್ಲಿನ ಪೇಸ್ಟಿನ ಮಹಿಮೆ" ಅಂದ ಹೋಬರ್ಟ್.

"ಚರ್ಮದ ಮಹಿಮೆ ಅನ್ನಿ" ಅಂದ ಲಂಡಿ.

ಡೆಲ್ಮರ್ ಒಳಗೊಳಗೇ ನಕ್ಕ. ಹೆಂಡತಿಯ ಪಿಸ್ತೂಲಿಗೆ ಯಾರೂ ಏನೂ ಉಜ್ಜಿಲ್ಲ, ಆದರೂ ಬೆಣ್ಣೆ. ಪಾಲಿಶ್ ಗೀಲಿಶ್ ಎಲ್ಲ ಬರೀ ಬೊಗಳೆ ಅಂತ ಅವನಿಗೆ ಖಾತ್ರಿಯಾಯಿತು.

ಕೊಯ್ ಮುಖ ಸಿಂಡರಿಸಿಕೊಂಡು ಏಪ್ರನ್ ಕಟ್ಟಿದ, ಸೌಟು ಹಿಡಿದ. ಪದ್ಧತಿಯ ಪ್ರಕಾರ ಮೊದಲ ಬಟ್ಟಲು ಕೊಯ್‌ನ ತಾಯಿ ಈವಾ ಅಜ್ಜಿಗೆ. ಅಜ್ಜಿಗೆ ಸ್ವಂತದ್ದು ಅಂತ ಉಳಿದಿರೋದು ಒಂದೇ ಹಲ್ಲು, ಅದರ ಮೇಲೆ ಪ್ರಾಣ. ಕೊಯ್‌ಗೆ ಬಡಿಸಿ ಅಭ್ಯಾಸವೆಲ್ಲಿ? ಪಾತ್ರೆಯ ತಳಕ್ಕೇ ಸೌಟು ಹಾಕಿ ಮೊಗೆದ.

ಅಜ್ಜಿ ಚಮಚ ಎತ್ತಿದಳು. ಡೆಲ್ಮರ್ ಲೆಕ್ಕ ಹಾಕಿದ. ಸುಮ್ಮನಿದ್ದರೆ ಸೌಟು ಹೋಯಿತು, ಬಾಯಿಬಿಟ್ಟರೆ ಮತ್ತೆ ತನಗೇ ಬಂತು. ಚಮಚ ತುಟಿಯ ಹತ್ತಿರ ಬಂತು.

"ಅಜ್ಜೀ, ತಿನ್ಬೇಡಿ" ಅಂದ. "ಅದ್ರಲ್ಲಿ ನನ್ನ ಪಿಸ್ತೂಲಿನ ಸ್ಪ್ರಿಂಗಿದೆ. ನಾನು ಹೊಡೆದದ್ದು ಅರ್ವೆಟ್ಟಳ ಪಿಸ್ತೂಲಲ್ಲಿ."

ಸಾಲಲ್ಲಿ ನಿಂತವರೆಲ್ಲ ಬಟ್ಟಲು ಹಿಂದಕ್ಕೆಳೆದುಕೊಂಡರು. ಕೊಯ್‌ನ ಮುಖ ಮಾತ್ರ ಅರಳಿತು. ಏಪ್ರನ್ ಬಿಚ್ಚಿ ಡೆಲ್ಮರನ ಕೊರಳಿಗೆ ಹಾಕೇಬಿಟ್ಟ. "ಹೊಡೆದವನ ಮಾತೇ ಕೊನೇ ಮಾತು. ದೊಡ್ಡ ಮನುಷ್ಯ ಕಣಪ್ಪ ನೀನು."

ಅಷ್ಟರಲ್ಲಿ ರೊಟ್ಟಿಯ ಬುಟ್ಟಿ ಹೊತ್ತು ಅರ್ವೆಟ್ಟ ಬಂದಳು. ವಿಷಯ ಕೇಳಿ ಬುಟ್ಟಿ ಕೆಳಗಿಟ್ಟಳು.

"ಯಾವ ಸ್ಪ್ರಿಂಗು? ಒಲೆ ಮೇಲೆ ನೇತಾಕಿರೋ ನೊಣದ ಅಂಟುಪಟ್ಟೀಲಿ, ನೊಣಗಳ ಮಧ್ಯೆ ಕೂತಿತ್ತಲ್ಲ, ಅದಾ? ನೀನು ಸ್ನಾನದ ಮನೇಲಿ ಹಾಡ್ತಿದ್ದೆ. ನಾನೇ ತೊಳೆದು, ಜೋಡಿಸಿ, ನಿಂದನ್ನ ಡ್ರಾಯರಲ್ಲಿಟ್ಟೆ."

"ಮತ್ತೆ ನಿಂದು?"

ಅರ್ವೆಟ್ಟ ಹೆಗಲ ಚೀಲ ತಟ್ಟಿದಳು. "ಇದಿಲ್ದೆ ನಾನು ಯಾವತ್ತು ಹೊಸಲು ದಾಟಿದ್ದೀನಿ?"

ಡೆಲ್ಮರ್ ಕೊಯ್‌ನ ಕಡೆ ತಿರುಗಿದ. "ಹಾಗಾದ್ರೆ ನಾ ಹೊಡೆದದ್ದು ನಂದರಲ್ಲೇ ಕಣೋ."

"ಇರಬಹುದು" ಅಂದ ಕೊಯ್, ಏಪ್ರನ್ನಿನ ದಾರಕ್ಕೆ ಎರಡನೇ ಗಂಟು ಹಾಕುತ್ತ. "ಆದ್ರೆ ಅಪೀಲಿಲ್ವಲ್ಲ."

"ಸ್ಪ್ರಿಂಗಿಲ್ಲ ತಾನೆ? ಹಾಗಿದ್ರೆ ಬಡಿಸೋ" ಅಂದಳು ಈವಾ ಅಜ್ಜಿ. "ನನ್ನ ಮಗ ಬೇಯಿಸಿದ್ದನ್ನ ನಾಯಿನೂ ಮೂಸಲ್ಲ. ದೇವರು ದೊಡ್ಡವನು."

ಅಜ್ಜಿ ಎರಡು ಬಟ್ಟಲು ತಿಂದಳು, ಕೊಯ್ ಮೂರು. ಹೋಬರ್ಟ್ ಮತ್ತು ಲಂಡಿ ಪೇಸ್ಟೋ ಚರ್ಮವೋ ಅಂತ ಜಗಳವಾಡುತ್ತಲೇ ಪಾತ್ರೆ ಖಾಲಿ ಮಾಡಿದರು. ಹೊಗಳಿಕೆ ಕೇಳಿ ಡೆಲ್ಮರನಿಗೂ ಮನಸ್ಸು ತಣ್ಣಗಾಯಿತು. ಹೋಗಲಿ, ತಾನು ಗುರಿಗಾರ ಅನ್ನೋದಂತೂ ಸಾಬೀತಾಯಿತು. ಬರುವ ವರ್ಷ ನೋಡಿಕೊಂಡರಾಯಿತು.

ಮನೆಗೆ ಬರುವ ದಾರಿಯಲ್ಲಿ ಅರ್ವೆಟ್ಟ ಅವನ ಪಿಸ್ತೂಲು ಇಸಕೊಂಡು ಟ್ರಿಗರ್ ಮೇಲೆ ಬೆರಳಾಡಿಸಿ ನೋಡಿದಳು.

"ಚೆನ್ನಾಗಿದೆ ಕಣೋ. ನಂದಕ್ಕೂ ಹೀಗೇ ಉಜ್ಜಿಕೊಡು. ಬರೋ ವರ್ಷ ಕೊಯ್ ಬದ್ಲು ನಾನು ಹೊಡೀತೀನಂತೆ. ಕನ್ನಡಕದ ಸಹವಾಸ ಸಾಕು, ಇನ್ನು ಹೊಡೆಯಲ್ಲ ಅಂದ."

ಟ್ರಿಗರು ಬೆಣ್ಣೆಯಾದ ಇವತ್ತೂ ತನಗಿಂತ ಕೆಟ್ಟದಾಗಿ ಹೊಡೆದವನು ಆ ಕೊಯ್ ಒಬ್ಬನೇ. ಹೆಂಡತಿಯ ಗುರಿ ಎಂಥದ್ದು ಅಂತ ಡೆಲ್ಮರನಿಗೆ ಚೆನ್ನಾಗಿ ಗೊತ್ತು. ಮನೆಗೆ ಬಂದವನೇ ಸೌಟನ್ನು ತೊಳೆದು, ಒರೆಸಿ, ಅದರ ಹಳೇ ಮೊಳೆಗೇ ನೇತುಹಾಕಿದ.