ಹಳೇ ಮ್ಯಾಟರ್, ಹೊಸ ಹೆಸರು

ಮುಂಬೈಯ ಕಾಂದಿವಲಿಯ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕಾರ್ಡು, ಹ್ಯಾಂಡ್‌ಬಿಲ್ಲುಗಳಿಗೆ ಕನ್ನಡ ಮ್ಯಾಟರ್ ಬರೆಯುವವಳು ನಾನು. ನಗಬಾರದು ಅಂತ ಎಷ್ಟೇ ಹಲ್ಲು ಕಚ್ಚಿ ಕೂತರೂ ವಾರಕ್ಕೊಬ್ಬ ಗಿರಾಕಿ ಬಂದು ನಗಿಸಿಯೇ ಹೋಗುತ್ತಾನೆ. ಎಲ್ಲದಕ್ಕೂ ಮೂಲ ಒಂದೇ ರೋಗ: ಕಂಪ್ಯೂಟರಿನಲ್ಲಿರುವ ಹಳೇ ಮ್ಯಾಟರ್ ತೆಗೆಯುವುದು, ಹೆಸರು ಬದಲಿಸುವುದು, ಛಾಪಿಸುವುದು. ಪ್ರೆಸ್ಸಿನ ಮಾಲೀಕರಾದ ನಮ್ಮ ಬೆಳಗಾವಿ ಶೇಠ್‌ಗಂತೂ ಇದೇ ಬ್ರಹ್ಮವಿದ್ಯೆ. "ಎಲ್ಲಾ ಬರದಿಟ್ಟದ್ದss ಐತಲ್ರೀ ಅಕ್ಕಾರ, ಇನ್ನ ನಿಮ್ಮದೇನ ಕೆಲಸ?" ಎಂದು ದಿನಾ ಕೇಳುತ್ತಿದ್ದರು. ಇಬ್ಬರು ಮಕ್ಕಳ ಓದು ಇನ್ನೂ ಬಾಕಿ ಇರುವ ನನಗೆ ಆ ಪ್ರಶ್ನೆ ಕಿವಿಗೆ ಬಿದ್ದಾಗಲೆಲ್ಲ ಶಾಲೆಯ ಫೀಸೇ ನೆನಪಾಗುತ್ತಿತ್ತು.

೧. ದಡ್ಡರಿಗೆ ವಿಶೇಷ ಗಮನ

ದಹಿಸರಿನಲ್ಲಿ ಖಾನಾವಳಿ ತೆರೆದ ವಿಜಯಪುರದವರೊಬ್ಬರಿಗೆ ಪಕ್ಕದ ಟ್ಯೂಷನ್ ಕ್ಲಾಸಿನ ಹ್ಯಾಂಡ್‌ಬಿಲ್ ಮೇಲೆ ಕಣ್ಣು. ಆ ಕ್ಲಾಸಿಗೆ ಜನ ಮುಗಿಬೀಳುತ್ತಿದ್ದರು. "ಅದನ್ನss ಛಾಪಸ್ರಿ, ಕ್ಲಾಸ್ ಇದ್ದಲ್ಲಿ ಖಾನಾವಳಿ ಹಾಕ್ರಿ" ಎಂದರು. ನಾನು ಬೇಡವೆಂದೆ. ಶೇಠ್ ಛಾಪಿಸಿಯೇ ಬಿಟ್ಟರು: "ನಮ್ಮ ಖಾನಾವಳಿಯಲ್ಲಿ ದಡ್ಡರಿಗೆ ವಿಶೇಷ ಗಮನ. ಪ್ರತಿ ಶನಿವಾರ ಪರೀಕ್ಷೆ. ಫೇಲಾದವರು ತಂದೆತಾಯಿಯನ್ನು ಕರೆತರಬೇಕು."

ಮೊದಲ ಶನಿವಾರ ಒಬ್ಬ ಗಿರಾಕಿ ಎರಡೇ ರೊಟ್ಟಿ ತಿಂದು ಕೈ ತೊಳೆಯಲು ಎದ್ದ. "ಇಷ್ಟಕ್ಕ ಸಾಕಾತೇನ್ರೀ?" ಎಂದರು ಖಾನಾವಳಿಯ ಮಾಲೀಕರು.

ಅವನು ಕೈಮುಗಿದ. "ಫೇಲ್ ಮಾಡಬ್ಯಾಡ್ರೀ, ಅಪ್ಪ ಊರಾಗ ಅದಾನ."

೨. ಮುಂದಿನ ಕಾರ್ಯಕ್ರಮ

ಪರೇಲಿನ ಒಬ್ಬ ಕೇಟರಿಂಗಿನವರು ತಮ್ಮ ಹಳೇ ಗಿರಾಕಿ, ಧಾರವಾಡದ ಹಿರಿಯರೊಬ್ಬರು ತೀರಿಕೊಂಡಾಗ ಮನೆಯವರಿಗೆ ಸಂತಾಪದ ಕಾರ್ಡು ಮಾಡಿಸಿದರು. ಅವರ ಎಲ್ಲ ಕಾರ್ಡಿನ ಕೆಳಗೂ ಒಂದು ಖಾಯಂ ಸಾಲು ಇರುತ್ತದೆ. ಅವತ್ತು ನನಗೆ ರಜೆ, ಅದನ್ನು ತೆಗೆಯುವವರಿರಲಿಲ್ಲ. "ಅಗಲಿದ ಆತ್ಮಕ್ಕೆ ಶಾಂತಿ ಸಿಗಲಿ. ನಿಮ್ಮ ಮನೆಯ ಮುಂದಿನ ಕಾರ್ಯಕ್ರಮಕ್ಕೂ ನಮ್ಮನ್ನೇ ಕರೆಯಿರಿ" ಎಂದೇ ಕಾರ್ಡು ಹೋಯಿತು.

ಕೇಟರಿಂಗಿನವರು ಕ್ಷಮೆ ಕೇಳಲು ಓಡಿದರು. ತೀರಿಕೊಂಡವರ ತೊಂಬತ್ತರ ಅಣ್ಣ ಕಾರ್ಡು ಹಿಡಿದೇ ಕೂತಿದ್ದರು. "ಪಾಳಿ ಪ್ರಕಾರ ಮುಂದಿಂದು ನಂದss ಬರ್ತದ. ಬುಂದೆ ಬ್ಯಾಡ, ಹೋಳಿಗಿ ಮಾಡ್ರಿ."

೩. ಸಕುಟುಂಬ ಸಪರಿವಾರ

ಕೊನೆಗೂ ಶೇಠ್ ನನ್ನನ್ನು ಕೆಲಸದಿಂದ ತೆಗೆಯುವುದೇ ಸೈ ಎಂದುಕೊಂಡರು. ಆದರೆ ತೆಗೆಯುವ ಪತ್ರ ಬರೆಯುವವರು ಯಾರು? ಇದ್ದವಳು ನಾನೊಬ್ಬಳು, ನನ್ನನ್ನೇ ಕೇಳಲು ಅವರಿಗೆ ನಾಚಿಕೆ. ಒಂದು ಹಳೇ ಲಗ್ನಪತ್ರಿಕೆ ತೆಗೆದರು, ಹೆಸರು ಬದಲಿಸಿದರು. ಪತ್ರ ನನ್ನ ಕೈಗೆ ಬಂತು:

"ಗುರುಹಿರಿಯರ ನಿಶ್ಚಯದಂತೆ ಇದೇ ಸೋಮವಾರದ ಶುಭಮುಹೂರ್ತದಲ್ಲಿ ತಮ್ಮನ್ನು ಕೆಲಸದಿಂದ ತೆಗೆಯಲಾಗುವುದು. ತಾವು ಸಕುಟುಂಬ ಸಪರಿವಾರ ಸಮೇತರಾಗಿ ಆಗಮಿಸಿ ಹರಸಬೇಕು."

ಓದಿ ಮೊದಲು ಅಳು ಬಂತು, ಆಮೇಲೆ ಸಿಟ್ಟು ಬಂತು. ಸೋಮವಾರ ಗಂಡ, ಇಬ್ಬರು ಮಕ್ಕಳು, ಇಳಕಲ್ ಸೀರೆ ಉಟ್ಟ ನಮ್ಮತ್ತೆ, ಎಲ್ಲರನ್ನೂ ಲೋಕಲ್ ಟ್ರೇನು ಹತ್ತಿಸಿಕೊಂಡು ಪ್ರೆಸ್ಸಿಗೆ ಹೋದೆ. ಕಾಗದದ ಬಂಡಲುಗಳ ಮೇಲೆ ಸಾಲಾಗಿ ಕೂತೆವು.

"ಏನ್ರೀ ಅಕ್ಕಾರ ಇದು?" ಶೇಠ್ ಬೆವರತೊಡಗಿದರು.

"ನೀವss ಕರದೀರಲ್ರೀ" ಎಂದು ಪತ್ರ ಮುಂದಿಟ್ಟೆ.

ಛಾಪಿಸಿದ ಮೇಲೆ ಮೊದಲ ಸಲ ಶೇಠ್ ಅದನ್ನು ಓದಿದರು. ಕಿವಿ ಕೆಂಪಾದವು. ಪತ್ರ ಹರಿದು ಬುಟ್ಟಿಗೆ ಹಾಕಿ, "ಹೋಗ್ರಿ, ನಿಮ್ಮ ಕುರ್ಚಿ ಮ್ಯಾಲ ಕೂಡ್ರಿ" ಎಂದರು. ಹೋದ ಜೀವ ಬಂದಂತಾಯಿತು ನನಗೆ.

ನಮ್ಮತ್ತೆ ಮಾತ್ರ ಬಂಡಲು ಬಿಟ್ಟು ಏಳಲಿಲ್ಲ. ಸೆರಗು ಸರಿಮಾಡಿಕೊಂಡು, "ಮುಹೂರ್ತ ತಪ್ಪಿತಂದ್ರ ತಪ್ಪಲಿ ಬಿಡ್ರಿ. ಊಟಕ್ಕ ಎಲಿ ಯಾವಾಗ ಹಾಕ್ತೀರಿ?" ಎಂದರು.