ಅನುಮಾನಪ್ಪ ಡಿಸ್ಕ್ ಸೇರಿಸಿದ್ದು

ಇದು ನಿಜವಾಗಿ ನಡೆದ ಕತೆ. ಬೇಕಾದರೆ ಅಲ್ಲಿದ್ದವರನ್ನೇ ಕೇಳಿ ಅನ್ನುವಂತಿಲ್ಲ. ಪ್ರತಿಯೊಬ್ಬರ ಮಾನವೂ ಇದರಲ್ಲಿ ಚೂರುಪಾರು ಹೋಗಿರುವುದರಿಂದ ಯಾರೂ ಬಾಯಿ ಬಿಡುವುದಿಲ್ಲ. ಇಷ್ಟಕ್ಕೆಲ್ಲ ಕಾರಣ ಒಂದು ಸ್ಕ್ರೂಡ್ರೈವರ್.

ಆ ಖಾಸಗಿ ರೇಡಿಯೋ ನಿಲಯದ ಯುನಿಕ್ಸ್ ಸರ್ವರ್ ಇದ್ದದ್ದು ಮೆಟ್ಟಿಲ ಕೆಳಗಿನ ಇಕ್ಕಟ್ಟು ಕೋಣೆಯಲ್ಲಿ. ನಿಲಯದ ಸಕಲ ಧ್ವನಿಮುದ್ರಣಗಳೂ ಅದರ ಹೊಟ್ಟೆಯಲ್ಲಿ. ಆ ಹೊಟ್ಟೆ ಗಂಟಲವರೆಗೆ ತುಂಬಿ, ಹೊಸದೇನು ಕೊಟ್ಟರೂ ಬೇಡವೆಂದು ಮುಖ ತಿರುಗಿಸುತ್ತಿತ್ತು. ಅದನ್ನು ನೋಡಿಕೊಳ್ಳುತ್ತಿದ್ದವನು ಅನುಮಾನಪ್ಪ. ಹೆತ್ತವರು ಇಟ್ಟ ಹೆಸರು ಬೇರೆಯೇ. ಆದರೆ ಮನೆಗೆ ಬೀಗ ಹಾಕಿ, ಗೇಟಿನಿಂದ ವಾಪಸು ಬಂದು ಜಗ್ಗಿ ನೋಡಿ, ಬಸ್ ನಿಲ್ದಾಣದಿಂದ ಮತ್ತೆ ಬಂದು, ಜಗ್ಗಿದ್ದರಿಂದಲೇ ಬೀಗ ಸಡಿಲವಾಗಿರಬಹುದೇ ಎಂದು ಪರೀಕ್ಷಿಸುವವನಿಗೆ ಆ ಹೆಸರು ಎಷ್ಟು ದಿನ ನಿಂತೀತು?

ಅವನು ಟಪಾಲು ವಿಭಾಗದಿಂದ ಇಲ್ಲಿಗೆ ಪರೀಕ್ಷಾರ್ಥವಾಗಿ ಬಂದವನು. ಅಂದು ಬೆಳಿಗ್ಗೆ ನಿಲಯದ ಮೇಡಂ ಹೊಸ ಡಿಸ್ಕಿನ ಡಬ್ಬಿಯನ್ನು ಕೈಗಿಟ್ಟು, "ನೋಡ್ರೀ, ಮಧ್ಯಾಹ್ನ ರೆಕಾರ್ಡಿಂಗಿಗೆ ಹಾಡೋ ಅಜ್ಜ ಬರ್ತಾರೆ. ಅವರು ಬರೋದೇ ಅಪರೂಪ. ಅಷ್ಟರಲ್ಲಿ ಜಾಗ ಮಾಡಿದ್ರೆ ಈ ಕೋಣೇಲಿ ನೀವು ಖಾಯಂ. ಇಲ್ಲಾಂದ್ರೆ ಮತ್ತೆ ಅಂಟು, ಲಕೋಟೆ" ಎಂದಿದ್ದರು.

ಅನುಮಾನಪ್ಪ ಡಿಸ್ಕನ್ನು ಗೂಡಿಗೆ ತಳ್ಳಿದ. ಹಳೆಯ ಡಿಸ್ಕಿನೊಂದಿಗೆ ಬೆಸೆದ. ಎರಡೂ ಸೇರಿದ ಸಂಗ್ರಹದ ಜಾಗವನ್ನು, ಅಂದರೆ ವಾಲ್ಯೂಮನ್ನು, ಹಿಗ್ಗಿಸಿದ. ಅದರ ಮೇಲಿನ ಕಡತವ್ಯವಸ್ಥೆಯನ್ನೂ ಹಿಗ್ಗಿಸಿದ. ಪಕ್ಕದಲ್ಲಿ ಕೋಣೆ ಕಟ್ಟಿ, ನಡುವಿನ ಗೋಡೆ ಒಡೆದು, ಚಾಪೆಯನ್ನು ಆ ತುದಿವರೆಗೆ ಹಾಸಿದ ಹಾಗೆ. ಸರ್ವರ್ ಪೆಟ್ಟಿಗೆಯ ಮುಚ್ಚಳ ಬಿಗಿಯಲು ಹೋದರೆ ಸ್ಕ್ರೂಡ್ರೈವರ್ ಇಲ್ಲ. ಹುಡುಕಲು ಓಡಿದ.

ತಿರುಗಿ ಬರುವಾಗ ಬಾಗಿಲ ಮರೆಯಿಂದ ಮೇಡಂ ದನಿ: "ಏನ್ರೀ, ಇನ್ನೂ ಮುಗೀಲಿಲ್ವೇನ್ರೀ?"

"ಆಯ್ತು ಮೇಡಂ, ಆಗೇಹೋಯ್ತು!" ಎಂದು ನೆಟ್ಟಗೆ ನಿಂತ. ಹೊರಬಂದದ್ದು ಉದ್ಘೋಷಕ ಕಂಠಣ್ಣ. ಬದುಕಿರುವ ಯಾರ ದನಿಯನ್ನೂ ಬಿಡದ ಮಿಮಿಕ್ರಿ ಪ್ರವೀಣ. "ನಿನ್ನ ಬೆನ್ನು ನೆಟ್ಟಗಾಗಿದ್ದು ನೋಡಿ ಖುಷಿಯಾಯ್ತು ಕಣೋ" ಎಂದು ಬೆನ್ನು ತಟ್ಟಿ, ನೇರಪ್ರಸಾರಕ್ಕೆ ಹೊತ್ತಾಯಿತೆಂದು ಗಾಜಿನ ಗೂಡಿಗೆ ಹೋಗಿ ಕೂತ.

ಅನುಮಾನಪ್ಪ ಕೂತು, ಜಾಗವೆಷ್ಟಿದೆ ಎಂದು ಕೇಳುವ 'ಡಿ-ಎಫ್' ಆದೇಶ ಕೊಟ್ಟ. ಉತ್ತರ: ನೂರಕ್ಕೆ ನೂರು ಭರ್ತಿ.

ಮತ್ತೆ ಹಿಗ್ಗಿಸಲು ನೋಡಿದ. 'ಇದ್ದದ್ದನ್ನೆಲ್ಲ ಆಗಲೇ ಸೇರಿಸಿಯಾಗಿದೆ, ಇನ್ನೇನೂ ಉಳಿದಿಲ್ಲ' ಎಂದಿತು ಯಂತ್ರ. ಡಿ-ಎಫ್ ಕೇಳಿದರೆ ಮತ್ತೆ ಭರ್ತಿ. ತಟ್ಟೆಗೆ ಬಡಿಸಿದ್ದೇನೆ ಎನ್ನುವವನೊಬ್ಬ, ತಟ್ಟೆಯೇ ಇಲ್ಲ ಎನ್ನುವವನೊಬ್ಬ. ಅನುಮಾನಪ್ಪ ಡಿಸ್ಕನ್ನು ಸಂಶಯಿಸಿದ, ಕೇಬಲನ್ನು ಸಂಶಯಿಸಿದ, ಕೊನೆಗೆ ತನ್ನ ಬೆರಳುಗಳನ್ನೇ ಎತ್ತಿ ದಿಟ್ಟಿಸಿದ.

ಸುದ್ದಿ ಹಬ್ಬಿತು. ನಾಟಕ ವಿಭಾಗಕ್ಕೆ ಸದ್ದು ಒದಗಿಸುವ ಶಬ್ದಕ್ಕ ಬಂದಳು. "ಏನೋ ಮುಖ? ಒಗೆದು ಹಿಂಡಿದ ಹಾಗಿದೆ?"

"ಅಕ್ಕಾ, ಜಾಗಾನೇ ಆಗ್ತಿಲ್ಲ. ಏನಾದ್ರೂ ಅಳಿಸ್ಲೇಬೇಕು."

ಶಬ್ದಕ್ಕ ಎದೆ ಗಟ್ಟಿ ಮಾಡಿಕೊಂಡಳು. "ನನ್ನ ಬಾಗಿಲುಗಳನ್ನ ಅಳಿಸು. ಕಿರ್ ಅನ್ನೋದು, ಕೊರ್ ಅನ್ನೋದು, ಸೊಸೆ ಸಿಟ್ಟಲ್ಲಿ ಹಾಕಿದ್ದು, ಎಲ್ಲಾ ತೆಗಿ. ನಿನ್ನ ಕೆಲಸ ಉಳೀಲಿ."

ಅಳಿಸಿದ. ಭರ್ತಿ. ಗುಡುಗುಗಳನ್ನು ಅಳಿಸಿದ. ಭರ್ತಿ. ಕುದುರೆ ಓಡಿದ್ದು, ಮಗು ಅತ್ತದ್ದು, ಗಾಜು ಒಡೆದದ್ದು ಎಲ್ಲ ಹೋದವು. ಭರ್ತಿ! ಅಷ್ಟರಲ್ಲಿ ಅಜ್ಜ ಬಂದು ಮೊಗಸಾಲೆಯಲ್ಲಿ ಕೂತು ಗಂಟಲು ಸರಿಮಾಡಿಕೊಳ್ಳುವುದು ಕೇಳಿಸಿತು. ಒಂದೊಂದು ಕೆಮ್ಮಿಗೂ ಅನುಮಾನಪ್ಪನ ಕಣ್ಣಿಗೆ ಒಂದೊಂದು ಲಕೋಟೆ ಕಾಣಿಸಿತು.

"ಉಳಿದದ್ದು ಕಂಠಣ್ಣನ ಮಿಮಿಕ್ರಿ ಭಂಡಾರ" ಎಂದಳು ಶಬ್ದಕ್ಕ. "ಅರ್ಧ ಸರ್ವರ್ ಅವನೇ ನುಂಗಿದಾನೆ. ನಡಿ, ಕೇಳೋಣ."

ಕಂಠಣ್ಣ ಗಾಜಿನಾಚೆ ಕೇಳುಗರೊಬ್ಬರೊಂದಿಗೆ ಫೋನಿನಲ್ಲಿ ಮಾತಾಡುತ್ತಿದ್ದ. ಅವನನ್ನು ಬಿಡಿಸಬೇಕಾದ ಉದ್ಘೋಷಕಿ ಇನ್ನೂ ಬಂದಿರಲಿಲ್ಲ. ಹಾಗಾಗಿ ಗೂಡಿಗೆ ಹೋಗಿ ಕೂತಾಗಿನಿಂದ ಅವನು ಕುರ್ಚಿ ಬಿಟ್ಟು ಎದ್ದಿರಲಿಲ್ಲ. ಅನುಮಾನಪ್ಪ ಗಾಜಿಗೆ ಮೂಗು ಒತ್ತಿ, ಕೀಲಿ ಕುಟ್ಟಿದಂತೆ ಮಾಡಿ, ಅಂಗೈಯಿಂದ ಒರೆಸಿದಂತೆ ಮಾಡಿ, 'ನಿನ್ನದನ್ನು ಅಳಿಸಲೇ' ಎಂದು ಸನ್ನೆಯಲ್ಲಿ ಕೇಳಿದ.

ಕಂಠಣ್ಣನ ಕಣ್ಣುಗುಡ್ಡೆಗಳು ಹೊರಬಂದವು. ಬಾಯಲ್ಲಿ ಕೇಳುಗರಿಗೆ, "ಹೌದಾ ತಾಯಿ? ಸಂತೋಷ ತಾಯಿ" ಎನ್ನುತ್ತಲೇ ಎರಡೂ ಕೈಗಳನ್ನು ಅತ್ತಿಂದಿತ್ತ ಬೀಸಿದ, ತಲೆಯಾಡಿಸಿದ, ಕುರ್ಚಿಯಿಂದ ಅರ್ಧ ಎದ್ದು ಹೆಡ್‌ಫೋನ್ ತಂತಿ ಜಗ್ಗಿ ಮತ್ತೆ ಕೂತ.

"ನೋಡೋ, ಟ್ರಾಫಿಕ್ ಪೊಲೀಸು! ಥೇಟ್!" ಶಬ್ದಕ್ಕ ಹೊಟ್ಟೆ ಹಿಡಿದುಕೊಂಡಳು.

"ಅಲ್ಲಕ್ಕಾ, ಗುಡಿಸಿ ಹಾಕು ಅಂತಿದಾನೆ. ಎಷ್ಟು ದೊಡ್ಡ ಮನಸ್ಸು!" ಅನುಮಾನಪ್ಪ ಕೈ ಮುಗಿದ. ಕಂಠಣ್ಣ ಹಣೆಯನ್ನು ಮೇಜಿಗೆ ಚಚ್ಚಿಕೊಂಡ. ಅದಕ್ಕೂ ಶಬ್ದಕ್ಕ ಚಪ್ಪಾಳೆ ತಟ್ಟಿದಳು.

ಭಂಡಾರ ಅಳಿಸಿಹೋಯಿತು. ಡಿ-ಎಫ್ ಹೇಳಿತು: ಭರ್ತಿ.

ಅನುಮಾನಪ್ಪ ತಲೆ ಮೇಲೆ ಕೈ ಹೊತ್ತು ಕೂತ ಹೊತ್ತಿಗೆ ಮೇಡಂ ಬಂದರು. "ಏನ್ರೀ ಇದು! ನನ್ನ ರೂಮಿನ ಕಂಪ್ಯೂಟರಲ್ಲಿ ನೋಡಿದೆ. ಸರ್ವರ್ ತುಂಬಾ ಜಾಗವೋ ಜಾಗ! ಅಜ್ಜನ್ನ ಸ್ಟುಡಿಯೋದಲ್ಲಿ ಕೂರಿಸಿದೀನಿ. ನೀವ್ಯಾಕೆ ಹೀಗೆ ಕೂತಿದೀರಿ?"

ಅದೇ ವೇಳೆಗೆ ಉದ್ಘೋಷಕಿ ಬಂದು, ಬಿಡುಗಡೆ ಸಿಕ್ಕ ಕಂಠಣ್ಣ ಏದುಸಿರು ಬಿಡುತ್ತ ನುಗ್ಗಿದ. "ಅಳಿಸ್ಬೇಡ್ವೋ! ತಮಾಷೆ ಮಾಡ್ದೆ ಕಣೋ! ನೀನು ಸ್ಕ್ರೂಡ್ರೈವರ್ ತರೋಕೆ ಹೋದಾಗ, ಡಿ-ಎಫ್ ಅಂತ ಹೊಡೆದಾಗೆಲ್ಲ ಬೆಳಗಿನ ಹಳೇ ಉತ್ತರಾನೇ ಬರೋ ಹಾಗೆ ಮಾಡಿಟ್ಟಿದ್ದೆ. ಐದು ನಿಮಿಷ ಆಟ ಆಡ್ಸಿ ಹೇಳೋಣ ಅಂತಿದ್ದೆ... ನನ್ ಭಂಡಾರ?"

"ಗುಡಿಸಿ ಹಾಕಿದೆ ಅಣ್ಣಾ. ನೀನೇ ಹೇಳಿದ್ದಲ್ವಾ?"

ಕಂಠಣ್ಣನ ಬಾಯಿಂದ ಬಹುಶಃ ಮೊದಲ ಸಲ ಅವನದೇ ದನಿ ಹೊರಟಿತು. ಅದು ಬಹಳ ಸಣ್ಣದಾಗಿತ್ತು.

ಮೇಡಂ ಯೋಚಿಸಿದರು. "ಅಂದ್ರೆ, ಇಷ್ಟೆಲ್ಲ ಅಳಿಸಿದ ಮೇಲೆ ಹಳೇ ಡಿಸ್ಕೇ ಸಾಕು. ಹೊಸದನ್ನ ಅಂಗಡಿಯವರು ವಾಪಸ್ ತಗೋತಾರೆ. ನಾಳೆ ಹುಷಾರಾಗಿ ಬಿಚ್ಚಿಕೊಡಿ. ಸೇರಿಸೋದಕ್ಕಿಂತ ಬಿಚ್ಚೋದು ಕಷ್ಟವಂತೆ, ಅಲ್ವಾ? ಖಾಯಂ ವಿಚಾರ ಆಮೇಲೆ ನೋಡೋಣ."

ಅನುಮಾನಪ್ಪನ ತುಟಿ ಅದುರಿತು. ಅಳುತ್ತಾನೆಂದು ಶಬ್ದಕ್ಕ ಕರ್ಚೀಫು ತೆಗೆದಳು.

"ಅಂದ್ರೆ ಅಕ್ಕಾ," ಎಂದ ಅವನು, "ಬೆಳಿಗ್ಗೆ ನಾನು ಮಾಡಿದ್ದು... ಮೊದಲ್ನೇ ಸಲಕ್ಕೇ ಸರಿಯಾಗಿತ್ತು!"

ಜೀವಮಾನದಲ್ಲಿ ಮೊದಲ ಬಾರಿಗೆ ಅವನಿಗೆ ಏನೂ ಅನುಮಾನವಿರಲಿಲ್ಲ. ನಗು ಹೊಟ್ಟೆಯ ತಳದಿಂದ ಎದ್ದು ಬಂತು. ಶಬ್ದಕ್ಕ ನಕ್ಕಳು, ಮೇಡಂ ನಕ್ಕರು, ಕಳಕೊಂಡದ್ದನ್ನು ಮರೆತು ಕಂಠಣ್ಣನೂ ನಕ್ಕ. ಆದರೆ ಅನುಮಾನಪ್ಪನ ನಗುವಿಗೆ ಪೆಟ್ಟಿಗೆಯ ಮುಚ್ಚಳ ಗಡಗಡ ಅಂದಿತು.

ಶಬ್ದಕ್ಕ ಒಮ್ಮೆಲೇ ಬೆಚ್ಚಿ, ಮೈಕು ತರಲು ಓಡುತ್ತ ಕೂಗಿದಳು: "ನಿಲ್ಲಿಸ್ಬೇಡ ಕಣೋ, ಹಾಗೇ ನಗ್ತಿರು! ನನ್ನ ನಗುಗಳೂ ಎಲ್ಲಾ ಅಳಿಸಿಹೋಗಿವೆ!"